ಗಡಿಯ ಗೆರೆ ಮತ್ತು ಗೆಳೆತನ

(ಕಲ್ಯಾಣದ ಕನ್ನಡಿಗರಿಗಾಗಿ ಏರ್ಪಡಿಸಿದ್ದ ಚಲನಚಿತ್ರ ಪ್ರದರ್ಶನದ ಅನಂತರ ಮಾಡಿದ ಭಾಷಣದ ಪಠ್ಯ)



ನಾವು ಈಗತಾನೆ ವೀಕ್ಷಿಸಿದ 'ಜಾಯಿಂಟ್ ಸೆಕ್ಯುರಿಟಿ ಏರಿಯಾ' ಚಿತ್ರವನ್ನು ದಕ್ಷಿಣ ಕೊರಿಯಾದ ನಿರ್ದೇಶಕ ಪಾರ್ಕ್ ಚಾನ್-ವೂಕ್ ಅವರು 2000ದಲ್ಲಿ ತೆರೆಗೆ ತಂದರು. ಕಥೆ ನಡೆಯುವುದು ಪನ್‌ಮುಂಜೊಮ್‌ನಲ್ಲಿ. 1953ರ ಜುಲೈ 27ರಂದು ಕೊರಿಯಾ ಯುದ್ಧದ ಕದನವಿರಾಮಕ್ಕೆ ಸಹಿ ಬಿದ್ದ ಸ್ಥಳವದು. ಅಂದು ಕದನ ನಿಂತಿತು. ಶಾಂತಿ ಒಪ್ಪಂದ ಮಾತ್ರ ಇಂದಿಗೂ ಆಗಿಲ್ಲ.

ಕತ್ತಲಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟ ದಕ್ಷಿಣದ ಸೈನಿಕನನ್ನು ಉತ್ತರದ ಇಬ್ಬರು ಉಳಿಸುತ್ತಾರೆ. ಗಡಿಯಾಚೆಗೆ ಎಸೆದ ಪತ್ರಗಳಿಂದ ಪರಿಚಯ ಬೆಳೆಯುತ್ತದೆ. ನಾಲ್ವರು ರಾತ್ರಿಯ ಕಾವಲುಮನೆಯಲ್ಲಿ ಮಕ್ಕಳಂತೆ ಆಡುತ್ತಾರೆ, ಸಿಹಿತಿಂಡಿ ಹಂಚಿಕೊಳ್ಳುತ್ತಾರೆ. ಒಂದು ರಾತ್ರಿ ಉತ್ತರದ ಅಧಿಕಾರಿಯೊಬ್ಬ ಒಳಗೆ ಬಂದಾಗ ಎಲ್ಲರ ಕೈಗಳೂ ಬಂದೂಕಿನತ್ತ ಹೋಗುತ್ತವೆ. ತನ್ನನ್ನು ಉಳಿಸಿದ ಗೆಳೆಯರಲ್ಲೊಬ್ಬನನ್ನು ತಾನೇ ಕೊಂದೆನೆಂಬ ಅರಿವು ಆ ದಕ್ಷಿಣದ ಸೈನಿಕನನ್ನು ಬದುಕಗೊಡುವುದಿಲ್ಲ.

ಇದು ಶಿಸ್ತು ಮುರಿಯಲು ಹೇಳಿಕೊಡುವ ಚಿತ್ರವೆಂದು ಕೆಲವರು ಆಕ್ಷೇಪಿಸಬಹುದು. ಮೂರು ದಶಕಗಳಿಂದ ಸರ್ಕಾರದ ಅನ್ನ ಉಂಡವನಾಗಿ ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಕಾವಲಿಗೆ ನಿಂತವನು ಕಾವಲು ಬಿಡಬಾರದು. ಆದರೆ ಚಿತ್ರದ ಪ್ರಶ್ನೆ ಬೇರೆ. ಆ ಸ್ನೇಹವನ್ನು ಕೊಂದದ್ದು ದ್ವೇಷವಲ್ಲ, ಭಯ. ಬೆಳಕಿನಲ್ಲಿ ನಿಲ್ಲಲು ಎಡೆಯಿಲ್ಲದ ಗೆಳೆತನ ಎಷ್ಟೇ ನಿರ್ಮಲವಾಗಿದ್ದರೂ ಮೊದಲ ಸಂಶಯಕ್ಕೇ ಕುಸಿಯುತ್ತದೆ. ವ್ಯಕ್ತಿಗಳ ಸದ್ಭಾವಕ್ಕೆ ಸಾರ್ವಜನಿಕವಾದ ಆಸರೆಯೊಂದು ಬೇಕು.

ಈ ಮಾತಿಗೆ ನಿದರ್ಶನ ಅದೇ ಪನ್‌ಮುಂಜೊಮ್‌ನಲ್ಲಿದೆ, ಅದಕ್ಕೂ ಕರ್ನಾಟಕಕ್ಕೂ ನಂಟಿದೆ. ತಾಯ್ನಾಡಿಗೆ ಮರಳಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆಯನ್ನು 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ವಹಿಸಲಾಯಿತು. ಅದರ ಅಧ್ಯಕ್ಷರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಕೈದಿಗಳನ್ನು ಕಾಯ್ದ ಭಾರತೀಯ ಪಡೆಯ ನಾಯಕರು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾತ್, ಕೊಲ್ಹಾಪುರದ ಕಡೆಯ ಮರಾಠಿಗರು. ಒಬ್ಬರು ನಮ್ಮ ನಾಡಿನವರು, ಇನ್ನೊಬ್ಬರು ನಾವು ಬದುಕು ಕಟ್ಟಿಕೊಂಡ ನಾಡಿನವರು.

ಆಯೋಗದಲ್ಲಿ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಒಂದು ಕಡೆ, ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ನಡುವೆ ಕುಳಿತ ಭಾರತಕ್ಕೆ ಎರಡೂ ಪಾಳೆಯಗಳ ಬೈಗುಳ. ದಕ್ಷಿಣ ಕೊರಿಯಾ ತನ್ನ ನೆಲದ ಮೇಲೆ ಭಾರತೀಯ ಸೈನಿಕರು ಕಾಲಿಡುವುದನ್ನೂ ಒಪ್ಪದೆ ಇದ್ದುದರಿಂದ ಅವರನ್ನು ಹಡಗುಗಳಿಂದ ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ಯಾವ ಕೈದಿಯನ್ನೂ ಬಲಾತ್ಕಾರದಿಂದ ಕಳುಹಿಸಕೂಡದೆಂಬ ನಿಯಮವನ್ನು ಇವರು ಬಿಡಲಿಲ್ಲ. ಉತ್ತರವೂ ಬೇಡ, ದಕ್ಷಿಣವೂ ಬೇಡವೆಂದ 76 ಕೊರಿಯನ್ನರು 1954ರಲ್ಲಿ ನಮ್ಮ ಪಡೆಯೊಂದಿಗೆ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳನ್ನು ಸೇರಿದರು. ಕೆಲವರು ಇಲ್ಲಿಯೇ ಉಳಿದರು. ಚಿತ್ರದಲ್ಲಿ ತನಿಖೆಗೆ ಬರುವ ಸ್ವಿಸ್ ಸೇನೆಯ ಅಧಿಕಾರಿಣಿಯ ತಂದೆ ಆ 76 ಮಂದಿಯಲ್ಲೊಬ್ಬ. ಹಾಗೆ, ಈ ಕಥೆಯ ಒಂದು ಎಳೆ ತಿಮ್ಮಯ್ಯನವರ ಕೈಯಿಂದ ಹಾದು ಬಂದಿದೆ.

ಕೊಡಗಿನ ಇನ್ನೊಬ್ಬ ಸೇನಾನಿ ಕೆ.ಎಂ. ಕಾರಿಯಪ್ಪನವರನ್ನೂ ನೆನೆಯೋಣ. 1965ರ ಯುದ್ಧದಲ್ಲಿ ಅವರ ವೈಮಾನಿಕ ಪುತ್ರ ಪಾಕಿಸ್ತಾನದ ಸೆರೆಯಾದರು. ವಿಭಜನೆಗೆ ಮುನ್ನ ಕಾರಿಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷರು. ಮಗನನ್ನು ಬಿಡಲು ಅವರು ಮುಂದಾದಾಗ, ಸೆರೆಯಲ್ಲಿರುವ ಎಲ್ಲರನ್ನೂ ಒಂದೇ ರೀತಿ ಕಾಣಬೇಕೆಂದು ತಂದೆ ಉತ್ತರಿಸಿದ್ದು ಪ್ರಸಿದ್ಧವಾಗಿದೆ. ಹಳೆಯ ಸ್ನೇಹದ ಫಲವನ್ನು ಅವರು ತಮ್ಮ ಮನೆಗೆ ಮಾತ್ರ ಒಯ್ಯಲಿಲ್ಲ.

ಕಲ್ಯಾಣದವರಿಗೆ ಗಡಿಯ ಪಾಠ ಹೊಸತಲ್ಲ. ಪಕ್ಕದ ಉಲ್ಲಾಸನಗರ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಸೈನ್ಯದ ಬಿಡಾರಗಳಲ್ಲಿ, 1947ರ ನಂತರ ಸಿಂಧಿನಿಂದ ಬಂದ ನಿರಾಶ್ರಿತರಿಂದ. ಇಂದಿಗೂ ಅಲ್ಲಿನ ಬಡಾವಣೆಗಳನ್ನು ಕ್ಯಾಂಪ್ ನಂಬರಿನಿಂದಲೇ ಗುರುತಿಸುತ್ತೇವೆ.

ಇನ್ನು ನಮ್ಮ ಮನೆಯ ಮಾತು. ಕನ್ನಡ-ಮರಾಠಿ ಗಡಿ ವಿವಾದ ದೇಶದೇಶಗಳ ಯುದ್ಧವಲ್ಲ, ನಿಜ. 1967ರ ಮಹಾಜನ ಆಯೋಗದ ವರದಿಯ ಬಗ್ಗೆ ನಮ್ಮ ನಿಲುವನ್ನು ನಾವು ಮರೆಮಾಚಬೇಕಾಗಿಯೂ ಇಲ್ಲ. ಆದರೆ ವಿವಾದ ಕಾವೇರಿದಾಗ, ಬಸ್ಸುಗಳಿಗೆ ಮಸಿ ಬಳಿದಾಗ, ನಿತ್ಯ ಒಂದೇ ಲೋಕಲ್ ರೈಲಿನಲ್ಲಿ ಹೋಗುವ ನಾವೂ ನಮ್ಮ ಮರಾಠಿ ಮಿತ್ರರೂ ಪರಸ್ಪರ ಕಣ್ಣು ತಪ್ಪಿಸುತ್ತೇವೆ. ಹಾಗೆ ಕಣ್ಣು ತಪ್ಪಿಸುವ ಸ್ನೇಹ ಕಾವಲುಮನೆಯ ಸ್ನೇಹವೇ ಸರಿ.

ಆದ್ದರಿಂದ ಸಂಘಕ್ಕೆ ನನ್ನದೊಂದು ಸೂಚನೆ. ರಾಜ್ಯೋತ್ಸವದ ವೇದಿಕೆಗೂ ಗ್ರಂಥಾಲಯಕ್ಕೂ ಮರಾಠಿ ನೆರೆಯವರನ್ನು ಆಹ್ವಾನಿಸೋಣ. ಮೇ 1ರ ಮಹಾರಾಷ್ಟ್ರ ದಿನಕ್ಕೆ ನಾವೂ ಹೋಗೋಣ. ಗಡಿಯ ಪ್ರಶ್ನೆಯನ್ನೂ ಅವರೆದುರಿಗೇ, ನಮ್ಮ ನಿಲುವನ್ನು ಬಿಡದೆ, ಸೌಜನ್ಯದಿಂದ ಚರ್ಚಿಸೋಣ. ಶಾಂತವಾದ ದಿನಗಳಲ್ಲಿ ಇಂಥ ರೂಢಿ ಬೆಳೆದಿದ್ದರೆ ಮಾತ್ರ ಕಷ್ಟದ ದಿನಗಳಲ್ಲಿ ಅದು ನಮ್ಮ ಕೈ ಹಿಡಿದೀತು.