ಜನರೇಟರ್ ಎಳೆಯುವ ಗಾಡಿ ಮತ್ತು ಅದರ ಬಿಸಿ ಎಣ್ಣೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ನಿಮ್ಮ ಉದ್ಯೋಗದ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ತಪ್ಪಿಸಿಕೊಳ್ಳಲು ನೋಡಿದೆ. ಹಿಂದಿನ ಸಭೆಯಲ್ಲಿ ದಾಸರ ಪದಗಳು, ಅದರ ಹಿಂದಿನದರಲ್ಲಿ ಸಿರಿಧಾನ್ಯದ ಅಡುಗೆ. ನನ್ನ ಹತ್ತಿರ ಇರುವುದು ಗೇರ್‌ಬಾಕ್ಸ್ ಎಣ್ಣೆಯ ಕಥೆ. "ಅದನ್ನೇ ಹೇಳಿ, ನಮ್ಮಲ್ಲಿ ಎಷ್ಟು ಜನ ಕಾರು ಓಡಿಸುವುದಿಲ್ಲ?" ಎಂದರು. ಸರಿ, ಅದನ್ನೇ ಹೇಳುತ್ತೇನೆ.

ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವಂತೆ ನಮ್ಮದು ಶಾಮಿಯಾನ ಮತ್ತು ಜನರೇಟರ್ ಬಾಡಿಗೆಗೆ ಕೊಡುವ ವ್ಯವಹಾರ. ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಬಂದು ಭವಾನಿಪುರಂನಲ್ಲಿ ನೆಲೆನಿಂತವರು ನಾವು. ಮದುವೆ, ಉಪನಯನ, ಗಣಪತಿ ಪೆಂಡಾಲು, ಎಲ್ಲಿಗೆ ಬೇಕಾದರೂ ಎರಡು ಚಕ್ರದ ಟ್ರಾಲಿಯ ಮೇಲೆ ಕೂರಿಸಿದ 15 ಕೆವಿಎ ಜನರೇಟರ್ ಎಳೆದುಕೊಂಡು ಹೋಗುತ್ತೇವೆ. ಟ್ರಾಲಿ ಸೇರಿ ಒಂದು ಟನ್ನಿನ ಆಸುಪಾಸು. ಮೊದಲು ನಮ್ಮ ಯಜಮಾನರೇ ಗಾಡಿ ಓಡಿಸುತ್ತಿದ್ದರು. ಅವರ ಬೆನ್ನಿನ ಆಪರೇಷನ್ ಆದ ಮೇಲೆ ಸ್ಟಿಯರಿಂಗ್ ನನ್ನ ಕೈಗೆ ಬಂತು. ನನಗೋ ಎಡಮೊಣಕಾಲು ನೋವು, ಕ್ಲಚ್ ತುಳಿಯಲು ಆಗುವುದಿಲ್ಲ. ಆದ್ದರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಆಟೋಮ್ಯಾಟಿಕ್ ಡೀಸೆಲ್ ಗಾಡಿ ಕೊಂಡೆವು. ನಾವು ಎಳೆಯುವ ಭಾರ ಅದರ ಕೈಪಿಡಿಯಲ್ಲಿ ಬರೆದ ಮಿತಿಯೊಳಗೇ ಇತ್ತು. ಅಷ್ಟು ನೋಡಿದರೆ ಸಾಕು ಎಂದುಕೊಂಡಿದ್ದೆ.

2024ರ ಸೆಪ್ಟೆಂಬರ್ 1, ಭಾನುವಾರ. ಗೌರಿ ಹಬ್ಬಕ್ಕೆ ಐದೇ ದಿನ. ಆ ದಿನ ಯಾರಿಗೂ ಮರೆಯುವುದಿಲ್ಲ. ಒಂದು ಕಡೆ ಬುಡಮೇರು ಉಕ್ಕಿ ಸಿಂಗ್ ನಗರವನ್ನು ಮುಳುಗಿಸಿತು. ಇನ್ನೊಂದು ಕಡೆ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ ಏರುತ್ತಲೇ ಹೋಗಿ ಮರುದಿನದ ಹೊತ್ತಿಗೆ 11 ಲಕ್ಷ ಕ್ಯುಸೆಕ್ ಮೀರಿ ಹರಿದಳು. ನಮ್ಮ ಭವಾನಿಪುರಂನ ತಗ್ಗಿನ ಬೀದಿಗಳಲ್ಲೂ ನೀರು. ಕರೆಂಟ್ ಇಲ್ಲ, ಮೋಟಾರ್ ಇಲ್ಲ, ಓವರ್‌ಹೆಡ್ ಟ್ಯಾಂಕುಗಳು ಖಾಲಿ. ಮನೆಯ ಸುತ್ತ ನೀರು, ನಲ್ಲಿಯಲ್ಲಿ ಒಂದು ಹನಿ ಇಲ್ಲ. ನೀರು ಸ್ವಲ್ಪ ಇಳಿದ ಕಡೆಗೆಲ್ಲ ಮೂರು ದಿನ ನಮ್ಮ ಜನರೇಟರ್ ತಿರುಗಿತು. ಒಂದು ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕ್ ತುಂಬಿಸುವುದು, ಫೋನುಗಳನ್ನು ಚಾರ್ಜ್ ಮಾಡಿಸುವುದು, ಮುಂದಿನದಕ್ಕೆ ಹೋಗುವುದು.

ಮೂರನೆಯ ದಿನ ಒಂದು ಮನೆಯಿಂದ ಕರೆ ಬಂತು. ಹನ್ನೊಂದು ದಿನದ ಬಾಣಂತಿ ಇದ್ದಾಳೆ, ಸ್ನಾನಕ್ಕಿರಲಿ ಬಟ್ಟೆ ಒಗೆಯಲೂ ನೀರಿಲ್ಲ ಎಂದು ಅವಳ ತಾಯಿ ಅಳುತ್ತಿದ್ದರು. "ನಾಲ್ಕು ಗಂಟೆಗೆ ಅಲ್ಲಿರುತ್ತೇನೆ ಅಮ್ಮಾ" ಎಂದು ಮಾತು ಕೊಟ್ಟೆ. ಕೆಸರಿನಲ್ಲಿ, ಜನರ ನಡುವೆ, ನಿಂತು ನಿಂತು ಹೋಗುತ್ತಿದ್ದಾಗ ಸೀದ ವಾಸನೆ ಬಂತು. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಕೊನೆಗೆ ಬೀದಿಯ ಹುಡುಗರು ಹತ್ತು ಜನ ಸೇರಿ ಟ್ರಾಲಿ ಬಿಚ್ಚಿ ಕೈಯಲ್ಲೇ ತಳ್ಳಿಕೊಂಡು ಹೋದರು. ಟ್ಯಾಂಕಿಗೆ ನೀರು ಏರಿದಾಗ ರಾತ್ರಿ ಹತ್ತು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ಆರು ಗಂಟೆ ನನ್ನ ಮನಸ್ಸಿನಿಂದ ಹೋಗಿಲ್ಲ.

ಗಾಡಿ ಆಟೋನಗರಕ್ಕೆ ಹೋಯಿತು. ಅಲ್ಲಿನ ಹಿರಿಯ ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು, ಮೂಸಿ, "ಆಯಿಲ್ ಮಾಡಿಪೋಯಿಂದಮ್ಮಾ" ಎಂದರು. ಎಣ್ಣೆ ಸೀದುಹೋಗಿದೆ. ಕೆಂಪಗಿರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ಬಂದಿತ್ತು. ಗೇರ್‌ಬಾಕ್ಸ್ ಬಿಚ್ಚಿದರೆ ಒಳಗಿನ ಕ್ಲಚ್ ಪ್ಲೇಟುಗಳು ಕರಕಲು. ರಿಪೇರಿಗೆ ಆದ ಖರ್ಚು ನನ್ನ ಮಗಳ ಒಂದು ವರ್ಷದ ಕಾಲೇಜು ಫೀಸಿನಷ್ಟು. ಅಷ್ಟು ದುಡ್ಡು ಕೊಡುವವಳು ನಾನೇ ಆದ್ದರಿಂದ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಅದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ.

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಡಿ. ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಇದೇ ರೀತಿ ಕೆಲಸ ಮಾಡುತ್ತದೆ. ಅಲ್ಲಿ ಗಾಳಿಯ ಬದಲು ಎಣ್ಣೆ. ವೇಗ ಹಿಡಿದ ಮೇಲೆ ಎರಡೂ ಒಂದಕ್ಕೊಂದು ಲಾಕ್ ಆಗುತ್ತವೆ, ಆಗ ಬಿಸಿ ಕಡಿಮೆ. ನಿಧಾನವಾಗಿ, ಭಾರ ಎಳೆಯುತ್ತ ಹೋಗುವಾಗ ಲಾಕ್ ಆಗುವುದಿಲ್ಲ. ಒಂದು ವೇಗವಾಗಿ ತಿರುಗುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಆ ವ್ಯತ್ಯಾಸವೆಲ್ಲ ಎಣ್ಣೆಯನ್ನು ಕಡೆದು ಕಡೆದು ಬಿಸಿ ಮಾಡುತ್ತದೆ.

ಈ ಬಿಸಿ ಎಣ್ಣೆ ಒಂದು ಪೈಪಿನಲ್ಲಿ ಹೊರಟು, ರೇಡಿಯೇಟರಿನ ಒಳಗಿರುವ ಚಿಕ್ಕ ಕೂಲರ್ ಮೂಲಕ ಹಾದು, ಇನ್ನೊಂದು ಪೈಪಿನಲ್ಲಿ ಗೇರ್‌ಬಾಕ್ಸಿಗೆ ವಾಪಸ್ ಬರುತ್ತದೆ. ನಮ್ಮ ಗಾಡಿಯಲ್ಲಿ ಕಂಪನಿಯಿಂದ ಬಂದ ವ್ಯವಸ್ಥೆ ಇಷ್ಟೇ. ಆದರೆ ರೇಡಿಯೇಟರ್ ನೀರೇ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಹಾಲಿನ ಚೊಂಬು ಇಟ್ಟರೆ ಹಾಲು ಆ ನೀರಿಗಿಂತ ತಣ್ಣಗಾದೀತೇ? ಅದರ ಮೇಲೆ ನಮ್ಮ ರೇಡಿಯೇಟರಿನ ಜಾಲರಿಯಲ್ಲಿ ಮೂರು ದಿನದ ಕೆಸರು ಒಣಗಿ ಗಾರೆಯಂತೆ ಕೂತಿತ್ತು. ಗಾಳಿ ಆಡಲು ಜಾಗವೇ ಇರಲಿಲ್ಲ. ಅದನ್ನು ತೊಳೆಯಬೇಕೆಂದು ನನಗೆ ಹೊಳೆದೂ ಇರಲಿಲ್ಲ.

ಮೇಸ್ತ್ರಿಗಳ ಲೆಕ್ಕದಲ್ಲಿ ಈ ಎಣ್ಣೆ 80–95 ಡಿಗ್ರಿಯೊಳಗೆ ಇದ್ದರೆ ಕ್ಷೇಮ. ಅಲ್ಲಿಂದ ಮೇಲೆ ಪ್ರತಿ 10–11 ಡಿಗ್ರಿಗೆ ಅದರ ಆಯಸ್ಸು ಅರ್ಧವಾಗುತ್ತದೆ ಎಂಬುದು ಅವರ ಅಂದಾಜು. 115 ದಾಟಿದರೆ ಒಳಗೆ ಜಿಡ್ಡು ಕಟ್ಟುತ್ತದೆ, 125–130ಕ್ಕೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, 145ರ ಹತ್ತಿರ ಕ್ಲಚ್ ಪ್ಲೇಟುಗಳು ಜಾರಲು ಶುರು. ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ರಿಪೇರಿ ಮುಗಿದ ಮೇಲೆ ಮೇಸ್ತ್ರಿ ತಕ್ಷಣ ಕೂಲರ್ ಮಾರಲಿಲ್ಲ. ಮೊದಲು ಎಣ್ಣೆಯ ಬಿಸಿ ತೋರಿಸುವ ಒಂದು ಮೀಟರ್ ಕೂರಿಸಿ, "ಟ್ರಾಲಿ ಕಟ್ಟಿಕೊಂಡು ಕೊಂಡಪಲ್ಲಿಗೆ ಹೋಗಿ ಬನ್ನಿ" ಎಂದರು. ನಡುವೆ ಟ್ರಾಫಿಕ್ ಸಿಕ್ಕಿತು. ಮುಳ್ಳು 110 ದಾಟಿದ್ದನ್ನು ನಾನೇ ಕಣ್ಣಾರೆ ಕಂಡೆ. ಆಮೇಲೆ ಹೆಚ್ಚುವರಿ ಕೂಲರ್ ಹಾಕಿಸುವ ತೀರ್ಮಾನ ಮಾಡಿದೆವು. ಅದಕ್ಕೆ ಮೊದಲು ವಾರಂಟಿ ಇರುವ ಗಾಡಿಯಾದರೆ ಕಂಪನಿಯವರನ್ನು ಕೇಳಬೇಕು. ನಮ್ಮದರ ವಾರಂಟಿ ಯಾವತ್ತೋ ಮುಗಿದಿತ್ತು.

ಕೂರಿಸಿದ ಕ್ರಮವನ್ನು ಬರೆದಿಟ್ಟುಕೊಂಡಿದ್ದೇನೆ, ಓದುತ್ತೇನೆ.

ಒಂದು, ಕೂಲರ್ ಕೂರಿಸುವ ಜಾಗ. ಬಂಪರ್ ಕೆಳಗೆ ಜಾಗ ಖಾಲಿ ಇದೆ, ಅಲ್ಲಿಯೇ ಹಾಕಿ ಎಂದಿದ್ದೆ ನಾನು. ಹೈವೇಯಲ್ಲಿ ಓಡುವ ಗಾಡಿಗೆ ಅಲ್ಲಿ ಗಾಳಿ ಸಿಕ್ಕೀತು. ನಮ್ಮದು ಬೀದಿಯೊಳಗೆ ನಿಧಾನವಾಗಿ ಎಳೆಯುವ ಕೆಲಸ, ಎದುರುಗಾಳಿಯೇ ಇರುವುದಿಲ್ಲ. ಆದ್ದರಿಂದ ರೇಡಿಯೇಟರ್ ಫ್ಯಾನಿನ ಸೆಳೆತ ಸಿಗುವಂತೆ ಎಸಿ ಕಂಡೆನ್ಸರಿನ ಮುಂದೆ, ಸ್ವಲ್ಪ ಸಂದು ಬಿಟ್ಟು ಕೂರಿಸಿದರು. ಪೈಪು ಸೇರುವ ಬಾಯಿಗಳು ಮೇಲಕ್ಕೆ ಇದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ.

ಎರಡು, ಕೂಲರನ್ನು ಕಬ್ಬಿಣದ ಪಟ್ಟಿಗಳಿಗೆ ಬೋಲ್ಟ್ ಮಾಡಬೇಕು. ಕೆಲವರು ರೇಡಿಯೇಟರಿನ ಜಾಲರಿಯೊಳಗೇ ಪ್ಲಾಸ್ಟಿಕ್ ದಾರ ತೂರಿಸಿ ಕಟ್ಟಿಬಿಡುತ್ತಾರೆ. ಗಾಡಿ ಅದುರಿ ಅದುರಿ ಅದು ಜಾಲರಿಯನ್ನೇ ಸವೆಸುತ್ತದೆ.

ಮೂರು, ರೇಡಿಯೇಟರಿನಿಂದ ಗೇರ್‌ಬಾಕ್ಸಿಗೆ ವಾಪಸ್ ಬರುವ ಪೈಪಿನಲ್ಲೇ ಹೊಸ ಕೂಲರನ್ನು ಸೇರಿಸಬೇಕು. ಬಿಸಿ ಎಣ್ಣೆ ಮೊದಲು ರೇಡಿಯೇಟರಿಗೆ, ಆಮೇಲೆ ಹೊಸ ಕೂಲರಿಗೆ, ಕೊನೆಗೆ ಗೇರ್‌ಬಾಕ್ಸಿಗೆ. ಎರಡು ಪೈಪುಗಳಲ್ಲಿ ವಾಪಸ್ ಬರುವುದು ಯಾವುದೆಂದು ಊಹೆಯ ಮೇಲೆ ಕತ್ತರಿಸಬಾರದು. ಆ ಮಾಡೆಲ್ಲಿನ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಬೇಕು.

ನಾಲ್ಕು, ಗೇರ್‌ಬಾಕ್ಸ್ ಎಣ್ಣೆಯ ಬಿಸಿ ಮತ್ತು ಒತ್ತಡ ತಡೆಯುವ ಹೋಸ್ ಪೈಪೇ ಬೇಕು. ಅಂಗಡಿಯಲ್ಲಿ ಕಡಿಮೆಗೆ ಸಿಗುವ ನೀರಿನ ಪೈಪು ಬೇಡ. ಅದು ಎಲ್ಲೂ ಮಡಚಿಕೊಳ್ಳಬಾರದು, ಸೈಲೆನ್ಸರ್ ಪೈಪಿಗೂ ಫ್ಯಾನಿಗೂ ತಾಗಬಾರದು.

ಐದು, ಹೊಸ ಕೂಲರ್ ಮತ್ತು ಪೈಪಿನಲ್ಲಿ ಹಿಡಿಯುವಷ್ಟು ಎಣ್ಣೆ ಸೇರಿಸಬೇಕು. ಕೈಪಿಡಿಯಲ್ಲಿ ಹೇಳಿದ ಜಾತಿಯದೇ ಆಗಬೇಕು. ಮಟ್ಟವನ್ನು ಅದು ಹೇಳಿದ ಬಿಸಿಯಲ್ಲಿ, ಅದು ಹೇಳಿದ ರೀತಿಯಲ್ಲೇ ನೋಡಬೇಕು. ಕಡಿಮೆಯಾದರೆ ಗೇರ್ ಜಾರುತ್ತದೆ, ಹೆಚ್ಚಾದರೆ ನೊರೆ ಏಳುತ್ತದೆ. ಆಮೇಲೆ ಒಂದು ಸುತ್ತು ಓಡಿಸಿ, ಗಾಡಿಯ ಕೆಳಗೆ ರಟ್ಟು ಹಾಸಿ ಒಂದು ರಾತ್ರಿ ನಿಲ್ಲಿಸಿದೆವು. ಬೆಳಿಗ್ಗೆ ರಟ್ಟಿನ ಮೇಲೆ ಒಂದು ಕೆಂಪು ಹನಿ. ಒಂದು ಕ್ಲಾಂಪ್ ಸಡಿಲ ಇತ್ತು. ರಟ್ಟು ಹಾಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ಆಟೋಮ್ಯಾಟಿಕ್ ಎಂದರೆ ಎಲ್ಲ ಒಂದೇ ಅಲ್ಲ. ಸಿವಿಟಿ, ಡಿಸಿಟಿ ಎಂಬ ಗೇರ್‌ಬಾಕ್ಸುಗಳ ಒಳಗಿನ ವ್ಯವಸ್ಥೆಯೂ ಎಣ್ಣೆಯೂ ಬೇರೆ. ನಾನು ಓದಿದ ಕ್ರಮವನ್ನು ಅವುಗಳಿಗೆ ಹಾಗೆಯೇ ಹಚ್ಚಬೇಡಿ.

ಈಗ ಅದೇ ಟ್ರಾಲಿ, ಅದೇ ಕೊಂಡಪಲ್ಲಿ ರಸ್ತೆ. ಬೆಜವಾಡೆಯ ಮೇ ತಿಂಗಳ ಬಿಸಿಲು ಹೇಗಿರುತ್ತದೆಂದು ಗೊತ್ತಲ್ಲ, ಆ ಬಿಸಿಲಿನಲ್ಲೂ ಮುಳ್ಳು 95ರ ಆಸುಪಾಸಿನಲ್ಲೇ ನಿಂತಿತು. ಇದನ್ನು ನೋಡಿ ನಮ್ಮ ಯಜಮಾನರು, "ಹಾಗಾದರೆ ಇನ್ನೂ ದೊಡ್ಡ ಜನರೇಟರ್ ಎಳೆಯಬಹುದಲ್ಲ?" ಎಂದರು. ಇಲ್ಲ. ಕೂಲರ್ ಹಾಕಿದ ಮಾತ್ರಕ್ಕೆ ಬ್ರೇಕ್ ದೊಡ್ಡದಾಗುವುದಿಲ್ಲ, ಚಾಸಿ ಗಟ್ಟಿಯಾಗುವುದಿಲ್ಲ. ಎಳೆಯುವ ಮಿತಿ ಮೊದಲು ಎಷ್ಟಿತ್ತೋ ಅಷ್ಟೇ.

ಓಡಿಸುವ ರೀತಿಯನ್ನೂ ಬದಲಿಸಿಕೊಂಡೆ. ಭಾರ ಕಟ್ಟಿದಾಗ ಗೇರನ್ನು ಪದೇ ಪದೇ ಏರಿಳಿಯಲು ಬಿಡದೆ ಕೆಳಗಿನ ಗೇರಿನಲ್ಲೇ ಹಿಡಿಯುತ್ತೇನೆ. ಮುಳ್ಳು ಏರಿದರೆ ಪಕ್ಕಕ್ಕೆ ನಿಲ್ಲಿಸಿ, ಪಾರ್ಕಿಗೆ ಹಾಕಿ, ಇಂಜಿನ್ ಆರಿಸದೆ ಐದು ನಿಮಿಷ ಬಿಡುತ್ತೇನೆ. ಎಣ್ಣೆ ಓಡಾಡುತ್ತಲೇ ತಣಿಯುತ್ತದೆ. ಕೆಸರಿನಲ್ಲಿ ಹೋಗಿ ಬಂದ ದಿನವೇ ಜಾಲರಿಗೆ ನೀರು ಹಾಯಿಸುತ್ತೇನೆ, ರಭಸವಾಗಿ ಅಲ್ಲ, ಮೃದುವಾಗಿ.

ನಿಮ್ಮಲ್ಲಿ ಯಾರೂ ಜನರೇಟರ್ ಎಳೆಯುವುದಿಲ್ಲ, ನಿಜ. ಆದರೆ ಆಟೋಮ್ಯಾಟಿಕ್ ಕಾರು ಬಹಳ ಮನೆಗಳಲ್ಲಿದೆ. ಅದು ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಪಂಪೂ ಓಡುವುದಿಲ್ಲ, ಚಕ್ರ ಮಾತ್ರ ತಿರುಗುತ್ತಿದ್ದರೆ ಒಳಗೆ ಒಣಗಿ ಸವೆಯುತ್ತದೆ. ಪೂರ್ತಿ ಮೇಲೆ ಹತ್ತಿಸಿಕೊಂಡು ಹೋಗುವ ಲಾರಿಯನ್ನೇ ಕರೆಸಿ. ನೀರಿನಲ್ಲಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿ ನೋಡುವ ಆಸೆಯೂ ಬೇಡ. ಗೇರ್‌ಬಾಕ್ಸ್ ಎಣ್ಣೆ ಸ್ಟ್ರಾಬೆರಿ ಹಾಲಿನಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ.

ಕೂಲರಿಗೂ ಮೀಟರಿಗೂ ಸೇರಿ ಆದ ಖರ್ಚು ಗೇರ್‌ಬಾಕ್ಸ್ ರಿಪೇರಿಯ ಹತ್ತರಲ್ಲಿ ಒಂದು ಪಾಲೂ ಅಲ್ಲ. ಮೊದಲೇ ಒಂದು ದಿನ ಸ್ಟೂಲ್ ಹಾಕಿಕೊಂಡು ಕೂತು ಕೇಳಿದ್ದರೆ ಆ ಮನೆಯವರು ರಾತ್ರಿ ಹತ್ತರವರೆಗೆ ಕತ್ತಲಲ್ಲಿ ಕಾಯಬೇಕಾಗಿರಲಿಲ್ಲ. "ನಮಗೇನು ತಿಳಿಯುತ್ತೆ" ಎಂದು ನಾನು ದೂರ ನಿಂತಿದ್ದೆ, ಅಷ್ಟೇ. ತಿಳಿಯಲು ಬೇಕಾಗಿದ್ದು ಒಂದು ಮಧ್ಯಾಹ್ನ.

ಆ ಬಾಣಂತಿಯ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಜನರೇಟರ್ ನಮ್ಮದೇ. ನಾಲ್ಕು ಗಂಟೆಗೆ ಬನ್ನಿ ಎಂದಿದ್ದರು. ಮೂರೂಮುಕ್ಕಾಲಿಗೆ ಅವರ ಗೇಟಿನ ಮುಂದೆ ನಿಲ್ಲಿಸಿದ್ದೆ.