ಪಟಾಕಿಯ ಕಾನೂನು, ಪೇದೆಯ ಕೈಗಡಿಯಾರ

(ದೀಪಾವಳಿಗೆ ಮುನ್ನ ಬಡಾವಣೆಯ ವಾಚನಾಲಯವೊಂದರಲ್ಲಿ ಓದಿದ ಉಪನ್ಯಾಸದ ಬರಹ)



ಹಬ್ಬದ ರಾತ್ರಿ ಹತ್ತೂಕಾಲಿಗೆ ಬೀದಿಯಲ್ಲೊಂದು ಆಟಂ ಬಾಂಬ್ ಸಿಡಿಯಿತು ಎಂದಿಟ್ಟುಕೊಳ್ಳಿ. ಪಕ್ಕದ ಮನೆಯಲ್ಲಿ ಬಾಣಂತಿ, ಹಸುಗೂಸು. ಯಾರೋ ಠಾಣೆಗೆ ಫೋನ್ ಮಾಡುತ್ತಾರೆ, ಪೇದೆ ಬರುತ್ತಾನೆ. ಅವನು ಏನನ್ನು ನೋಡಬೇಕು? ಕೇಂದ್ರ ಸರ್ಕಾರ 1999ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಿ ಸದ್ದು ಮಾಡುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಹಚ್ಚುವಂತಿಲ್ಲ. ಆದರೆ ಪೇದೆ ಬರುವ ಹೊತ್ತಿಗೆ ಸದ್ದು ಹೋಗಿಬಿಟ್ಟಿರುತ್ತದೆ. ಬೀದಿಯಲ್ಲಿ ಉಳಿದದ್ದು ಕಾಗದದ ಚೂರು. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಪಟಾಕಿಯಲ್ಲಿ ಬೇರಿಯಂ ಲವಣ ಇರಕೂಡದು. ಚೂರು ನೋಡಿ ಅದನ್ನು ಹೇಳುವುದು ರಸಾಯನಶಾಸ್ತ್ರದ ಮೇಷ್ಟರಿಗೂ ಸಾಧ್ಯವಿಲ್ಲ. ಪೇದೆ ತನ್ನ ಮುಂಗೈ ನೋಡಿಕೊಳ್ಳುತ್ತಾನೆ. ಹತ್ತೂಕಾಲು. ಹತ್ತರ ಮೇಲೆ ಹಚ್ಚಿದ್ದು ತಪ್ಪು, ಅಷ್ಟೆ.

ಪಟಾಕಿಯ ಬಗ್ಗೆ ಇರುವ ಹತ್ತಾರು ನಿಯಮಗಳಲ್ಲಿ ಬೀದಿಯಲ್ಲಿ ನಿಂತು ಜಾರಿ ಮಾಡಬಹುದಾದದ್ದು ಈ ಒಂದೇ ಎನ್ನಬಹುದು. ಉಳಿದವು ಎಲ್ಲಿ ಜಾರಿಯಾಗಬೇಕು, ಅಲ್ಲಿ ಯಾರಿದ್ದಾರೆ ಎಂಬುದೇ ಇವತ್ತಿನ ಪ್ರಶ್ನೆ.

ಮೊದಲು ಸ್ವಲ್ಪ ಇತಿಹಾಸ. ಬಾಣ ಬಿರುಸು ಈ ನೆಲಕ್ಕೆ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಬಿರುಸುಗಳನ್ನು ಕಂಡು ಬರೆದಿಟ್ಟಿದ್ದಾನೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಅದೇ ಹಬ್ಬದ ಬೆಂಕಿಯಾಟವನ್ನು ವರ್ಣಿಸಿದ್ದಾನೆ. ಪುಣೆಯ ಭಂಡಾರಕರ ಸಂಸ್ಥೆಯ ವಿದ್ವಾಂಸ ಪಿ.ಕೆ. ಗೋಡೆ ಇಂಥ ದಾಖಲೆಗಳನ್ನೆಲ್ಲ ಹುಡುಕಿ ಭಾರತದ ಬಿರುಸುಗಳ ಚರಿತ್ರೆಯನ್ನೇ ಬರೆದರು. ಆದರೆ ಆಗ ಹಚ್ಚುತ್ತಿದ್ದುದು ಅರಮನೆ, ನೋಡುತ್ತಿದ್ದುದು ಊರು. ಪ್ರತಿ ಮನೆಯ ಮಗುವಿನ ಕೈಗೂ ಪೊಟ್ಟಣ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಶಿವಕಾಶಿಯ ಕಾರ್ಖಾನೆಗಳಿಂದ. ಮಳೆ ಕಡಿಮೆಯ ಆ ಒಣಭೂಮಿಯಲ್ಲಿ ಮೊದಲು ಬೆಂಕಿಪೊಟ್ಟಣದ ಕಸುಬು ಬೇರೂರಿತು. ಪಟಾಕಿ ಅದರ ಬೆನ್ನಿಗೆ ಬಂತು.

ಕಾನೂನು ಮಾತ್ರ ಇದಕ್ಕಿಂತ ಹಳೆಯದು. 1884ರ ಸ್ಫೋಟಕಗಳ ಕಾಯಿದೆ ಬ್ರಿಟಿಷರದ್ದು. ಅವರ ಚಿಂತೆ ಸದ್ದೂ ಅಲ್ಲ, ಹೊಗೆಯೂ ಅಲ್ಲ. ಮದ್ದು ಎಲ್ಲಿದೆ, ಎಷ್ಟಿದೆ, ಯಾರ ಕೈಯಲ್ಲಿದೆ ಎಂಬುದು. ಇಂದಿನ 2008ರ ನಿಯಮಗಳಲ್ಲೂ ಅದೇ ಜಾಡು ಕಾಣುತ್ತದೆ. ಹಬ್ಬಕ್ಕೆಂದು ಮೈದಾನದಲ್ಲಿ ಹಾಕುವ ತಾತ್ಕಾಲಿಕ ಮಳಿಗೆ ಸುಲಭವಾಗಿ ಬೆಂಕಿ ಹಿಡಿಯದ ಸಾಮಗ್ರಿಯದಾಗಿರಬೇಕು. ಮಳಿಗೆಯಿಂದ ಮಳಿಗೆಗೆ ಮೂರು ಮೀಟರ್ ಅಂತರ, ಜನವಸತಿಯಂಥ ಕಟ್ಟಡಗಳಿಂದ ಐವತ್ತು ಮೀಟರ್ ದೂರ. ಒಂದಕ್ಕೊಂದು ಎದುರುಬದುರಾಗಿ ಇರಕೂಡದು. ಒಂದು ಗುಂಪಿನಲ್ಲಿ ಐವತ್ತಕ್ಕಿಂತ ಹೆಚ್ಚು ಮಳಿಗೆ ಬೇಡ. ಎಣ್ಣೆ ದೀಪ ನಿಷಿದ್ಧ. ದೀಪಾವಳಿಯ ಅಂಗಡಿಯಲ್ಲಿ ಎಣ್ಣೆಯ ಹಣತೆ ಹಚ್ಚಬಾರದೆಂಬುದು ವಿಚಿತ್ರವಾಗಿ ಕೇಳಿಸಬಹುದು, ಆದರೆ ಇಷ್ಟು ವಿವೇಕದ ನಿಯಮ ಮತ್ತೊಂದಿಲ್ಲ.

ಸದ್ದಿನ ಮಾತು ಬಹಳ ತಡವಾಗಿ ಬಂತು. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಶಬ್ದಮಾಲಿನ್ಯದ ತೀರ್ಪಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಪಟಾಕಿ ಕೂಡದೆಂದಿತು. ಪೇದೆಯ ಕೈಗಡಿಯಾರಕ್ಕೆ ಬೆಲೆ ಬಂದದ್ದು ಹೀಗೆ.

ಹೊಗೆಯ ಮಾತು ಇನ್ನೂ ಹತ್ತು ವರ್ಷ ಬಿಟ್ಟು ಬಂತು. 2015ರಲ್ಲಿ ದೆಹಲಿಯ ಮೂರು ಕೂಸುಗಳ ಹೆಸರಿನಲ್ಲಿ ಅವುಗಳ ತಂದೆಯರು ಸುಪ್ರೀಂ ಕೋರ್ಟಿಗೆ ಹೋದರು. ತಮ್ಮ ಮಕ್ಕಳ ಶ್ವಾಸಕೋಶದ ಹಕ್ಕನ್ನು ಕೇಳಿದ ಈ ಮೊಕದ್ದಮೆಯೇ ಮುಂದಿನ ಎಲ್ಲ ಗದ್ದಲಕ್ಕೂ ಮೂಲ. 2018ರ ಅಕ್ಟೋಬರ್ 23ರ ತೀರ್ಪು ಪೂರ್ತಿ ನಿಷೇಧಕ್ಕೆ ಒಪ್ಪಲಿಲ್ಲ. ದೀಪಾವಳಿಯಂದು ರಾತ್ರಿ ಎಂಟರಿಂದ ಹತ್ತು, ಸರ ಪಟಾಕಿ ಬೇಡ, ಬೇರಿಯಂ ಬೇಡ, ಕಡಿಮೆ ಹೊಗೆಯ ಪಟಾಕಿ ಮಾತ್ರ ಎಂದಿತು. ತಪ್ಪಿದರೆ ಆಯಾ ಠಾಣಾಧಿಕಾರಿಯೇ ಹೊಣೆ, ಅದು ನ್ಯಾಯಾಂಗ ನಿಂದನೆ ಎಂದೂ ಸೇರಿಸಿತು. ಸೂರತ್ತಿನಿಂದ ಸಿರಸಿಯವರೆಗೆ ಎಲ್ಲ ಠಾಣಾಧಿಕಾರಿಗಳೂ ಆ ರಾತ್ರಿ ಯಾವ ಕಡೆ ಓಡಬೇಕಿತ್ತೋ!

ಕಡಿಮೆ ಹೊಗೆಯ ಆ ಪಟಾಕಿಗೆ 'ಹಸಿರು ಪಟಾಕಿ' ಎಂಬ ಹೆಸರು ನಿಂತಿತು. ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು ಇದರ ಸೂತ್ರ ಸಿದ್ಧಪಡಿಸಿದರು. ಹಳೆಯ ಪಟಾಕಿಗಿಂತ ಹೊಗೆಯ ಕಣಗಳು ಶೇಕಡಾ 30ರಷ್ಟು ಕಡಿಮೆ ಎಂಬುದು ಇದರ ಲೆಕ್ಕ. ಅಂದರೆ ಶೇಕಡಾ 70ರಷ್ಟು ಉಳಿದೇ ಇರುತ್ತದೆ. ಹೆಸರು ಕೇಳಿದವರು ಇದನ್ನು ಮರೆಯುವುದೇ ಹೆಚ್ಚು. ಇನ್ನೊಂದು ತಮಾಷೆ: ಮತಾಪಿಗೆ ಹಸಿರು ಬಣ್ಣ ಕೊಡುವುದೇ ಬೇರಿಯಂ. ಅದನ್ನು ತೆಗೆದ ಮೇಲೆ ಪಟಾಕಿ 'ಹಸಿರು' ಆಯಿತು!

ಎರಡು ಗಂಟೆಯ ಮಿತಿಗೆ ಆಕ್ಷೇಪ ಬಂದದ್ದು ಸಹಜ. ತಮಿಳುನಾಡು, ನರಕ ಚತುರ್ದಶಿಯ ನಸುಕಿನ ಎಣ್ಣೆಸ್ನಾನ ಮುಗಿಸಿ ಪಟಾಕಿ ಹಚ್ಚುವುದು ತಮ್ಮ ಪದ್ಧತಿ ಎಂದು ವಾದಿಸಿತು. ಕೋರ್ಟ್ ಒಪ್ಪಿತು, ಗಂಟೆ ಯಾವುದಾದರೂ ಇರಲಿ, ಎರಡು ಮೀರಬೇಡಿ ಎಂದಿತು. ಎಣ್ಣೆಸ್ನಾನ ಕನ್ನಡದ ಮನೆಗಳಲ್ಲೂ ಇದೆ. ಆದರೂ ಕರ್ನಾಟಕ ರಾತ್ರಿಯ ಎಂಟು-ಹತ್ತಕ್ಕೇ ಕಟ್ಟುಬಿದ್ದಿತು. 2020ರಲ್ಲಿ ಕೋವಿಡ್ ನೆಪದಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಪಟಾಕಿಯನ್ನೇ ನಿಷೇಧಿಸುವುದಾಗಿ ಹೇಳಿ, ಬೆನ್ನಲ್ಲೇ ಹಸಿರು ಪಟಾಕಿಗೆ ಅಡ್ಡಿಯಿಲ್ಲ ಎಂದದ್ದು ಅನೇಕರಿಗೆ ನೆನಪಿರಬಹುದು. ದೆಹಲಿಯಲ್ಲೂ ಇಂಥದೇ ಹಿಂದುಮುಂದು. ವರ್ಷಪೂರ್ತಿಯ ನಿಷೇಧದ ನಂತರ, 2025ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟ್ ಹಸಿರು ಪಟಾಕಿಗೆ ಬೆಳಿಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ ಬಿಟ್ಟುಕೊಟ್ಟಿತು.

ಈ ವಾದದಲ್ಲಿ ಎರಡು ಕಡೆಯವರಿಗೂ ಹೇಳಲು ಇದೆ. ಹಬ್ಬ ನಮ್ಮದೊಂದೇ ಏಕೆ ಕಣ್ಣಿಗೆ ಬೀಳುತ್ತದೆ, ವಾಹನಗಳ ಹೊಗೆ ಕಾಣದೆ ಎನ್ನುವವರ ಮಾತು ಸುಳ್ಳಲ್ಲ. ಉಬ್ಬಸದ ಮಗುವನ್ನು ಇಟ್ಟುಕೊಂಡು ಕಿಟಕಿ ಮುಚ್ಚಿ ಕೂತವರ ಸಂಕಟವೂ ಸುಳ್ಳಲ್ಲ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಹಬ್ಬದ ಮರುದಿನ ಪಟ್ಟಿ ಕಟ್ಟಿಸಿಕೊಂಡು ಕೂರುವವರಲ್ಲಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡಿದವರೂ ಇರುತ್ತಾರೆ. ಆದರೆ ಹೀಗೆ ಬೀದಿಯ ಆ ಎರಡು ಗಂಟೆಗೇ ಇಷ್ಟೊಂದು ವಾದ ಸುರಿದದ್ದರಿಂದ ಒಂದು ನಷ್ಟವಾಗಿದೆ. 1884ರ ಹಳೆಯ ಪ್ರಶ್ನೆ, ಅಂದರೆ ಮದ್ದು ಎಲ್ಲಿದೆ, ಎಷ್ಟಿದೆ ಎಂಬುದು, ಯಾರ ಬಾಯಲ್ಲೂ ಬರದಂತಾಗಿದೆ. ಮಳಿಗೆಗಳ ನಡುವಿನ ಮೂರು ಮೀಟರನ್ನು ಟೇಪು ಹಿಡಿದು ಅಳೆಯುವವರು ಯಾರು? ಪರವಾನಗಿಯ ಕಾಗದದಲ್ಲಿ ಬರೆದ ಕಿಲೋಗೂ ಒಳಗೆ ಪೇರಿಸಿದ ಪೆಟ್ಟಿಗೆಗೂ ತಾಳೆ ನೋಡುವವರು ಯಾರು? ಸದ್ದಿಗೆ ಯಂತ್ರ ಬೇಕು, ಬೇರಿಯಂಗೆ ಪ್ರಯೋಗಾಲಯ ಬೇಕು. ಪೆಟ್ಟಿಗೆ ಎಣಿಸಲು ಕಣ್ಣು ಸಾಕು.

ಬೆಂಗಳೂರಿನವರು ಅಗ್ಗದ ಪಟಾಕಿಗೆ ಹೊಸೂರು ರಸ್ತೆ ಹಿಡಿಯುವುದು ಹಳೆಯ ರೂಢಿ. ಆ ರಸ್ತೆಯಲ್ಲಿ, ತಮಿಳುನಾಡಿನ ಗಡಿಗೆ ಅಂಟಿಕೊಂಡ ಅತ್ತಿಬೆಲೆಯ ಮಳಿಗೆ-ಗೋದಾಮೊಂದರಲ್ಲಿ 2023ರ ಅಕ್ಟೋಬರ್ 7ರ ಶನಿವಾರ ಬೆಂಕಿ ಬಿತ್ತು. 14ಕ್ಕೂ ಹೆಚ್ಚು ಮಂದಿ ಸತ್ತರು. ಬಹುತೇಕರು ತಮಿಳುನಾಡಿನಿಂದ ಹಬ್ಬದ ಹಂಗಾಮಿನ ಕೂಲಿಗೆ ಬಂದವರು. ಓದುತ್ತಿದ್ದ ಹುಡುಗರೂ ಅವರಲ್ಲಿದ್ದರು. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು, ಅಧಿಕಾರಿಗಳನ್ನು ಅಮಾನತು ಮಾಡಿತು. ಮೂರೇ ದಿನದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ನಿಷೇಧವನ್ನೂ ಪ್ರಕಟಿಸಿದರು: ರಾಜಕೀಯ ಮೆರವಣಿಗೆ, ಮದುವೆ, ಗಣೇಶನ ಉತ್ಸವಗಳಲ್ಲಿ ಪಟಾಕಿ ಕೂಡದು. ಸತ್ತವರು ಯಾವ ಮೆರವಣಿಗೆಯಲ್ಲೂ ಇರಲಿಲ್ಲ. ಲಾರಿಯಿಂದ ಪೆಟ್ಟಿಗೆ ಇಳಿಸುವ ಕೆಲಸ ಅಲ್ಲಿ ನಡೆದಿತ್ತು. ಹೊತ್ತು ಮಧ್ಯಾಹ್ನ ಮೂರು ದಾಟಿತ್ತು. ಆ ವರ್ಷದ ದೀಪಾವಳಿಗೆ ಇನ್ನೂ ಐದು ವಾರ ಬಾಕಿ ಇತ್ತು.