ಸೂರಿಲ್ಲದ ಕವಚ

ಕೆನಡಾದ ಬೋರ್ಡನ್ ಸೇನಾನೆಲೆಯ ವಸ್ತುಸಂಗ್ರಹಾಲಯದಲ್ಲಿ ಎರಡನೆಯ ಮಹಾಯುದ್ಧದ ಜರ್ಮನ್ ಕವಚರಥವೊಂದುಂಟು. ಹೆಸರು ‘ವಿರ್ಬೆಲ್‌ವಿಂಡ್’, ಎಂದರೆ ಸುಂಟರಗಾಳಿ. 1944ರಲ್ಲಿ, ರಣರಂಗದಿಂದ ದುರಸ್ತಿಗೆ ಮರಳಿದ ಪಾಂಜರ್ ಟ್ಯಾಂಕುಗಳ ಒಡಲ ಮೇಲೆ 20 ಮಿಲಿಮೀಟರಿನ ನಾಲ್ಕು ವಿಮಾನನಾಶಕ ಫಿರಂಗಿಗಳನ್ನು ಕೂರಿಸಿ ಇಂಥವನ್ನು ಸಿದ್ಧಪಡಿಸಿದರು.

ಕವಚವೆಂದರೆ ಮೈಮುಚ್ಚುವುದೆಂದು ಹುಡುಗರಿಗೆ ಅರ್ಥ ಹೇಳುತ್ತ ಬಂದವನು ನಾನು. ಇಲ್ಲಿಯೋ, ಸುತ್ತಲೂ ಒಂಬತ್ತು ಮುಖದ ಉಕ್ಕಿನ ಗೋಡೆ. ತಲೆಯ ಮೇಲೆ ಬರಿಯ ಬಯಲು! ಸೈನಿಕರು ಇದನ್ನು ಬಿಸ್ಕತ್ತಿನ ಡಬ್ಬಿ ಎಂದು ಕರೆದರಂತೆ. ಮುಚ್ಚಳವಿಲ್ಲದ ಡಬ್ಬಿ ಎನ್ನಬೇಕಿತ್ತು. ಸೂರು ಹಾಕಿದರೆ ಮದ್ದಿನ ಹೊಗೆ ಒಳಗೇ ಕವಿಯುವುದು, ಆಕಾಶವೂ ಕಾಣದು. ಶತ್ರು ಬರುವುದೋ ಆ ಆಕಾಶದಿಂದಲೇ. ಇದರ ಚಿತ್ರವೇನಾದರೂ ಕಣ್ಣಿಗೆ ಬಿದ್ದರೆ ಫಿರಂಗಿಗಳನ್ನೆಣಿಸಿ ಪುಟ ತಿರುವಬೇಡಿ; ಹಿಂದೆ ಕೂತವನ ತಲೆ ಎಲ್ಲಿತ್ತೆಂಬುದನ್ನೂ ನೋಡಿ.